ಎಡಗಿವಿಯ ಓಲೆ

ನನಗೆ ಆ ಮನುಷ್ಯ ಇಷ್ಟವಿರಲಿಲ್ಲ. ಸತ್ತವರ ಬಗ್ಗೆ ಬರೆಯುವವರು ಮೊದಲ ಸಾಲಿನಲ್ಲೇ ಕಣ್ಣು ಒರೆಸಿಕೊಳ್ಳುತ್ತಾರೆ. ನನ್ನಿಂದ ಅದು ಆಗದು. ಕುದ್ರೋಳಿಯ ಒಂದು ಓಣಿಯಲ್ಲಿ ಮೂವತ್ತು ವರ್ಷ ಕೂತು ಹೆಂಗಸರ ಕಿವಿಗೆ ಒಡವೆ ಮಾಡುತ್ತಿದ್ದ ಆಚಾರಿ ಅವನು. ಕಳೆದ ತಿಂಗಳು ತೀರಿಕೊಂಡ. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವ. ಎದುರಿಗೆ ‘ಆಚಾರ್ರೇ’ ಎನ್ನುತ್ತಿದ್ದೆ, ಮನಸ್ಸಿನೊಳಗೆ ಏಕವಚನವೇ ಇತ್ತು. ಬರೆಯುವಾಗಲೂ ಅದೇ ಇರಲಿ.

ಸಾವಿನ ಮನೆಗೆ ನಾನೂ ನನ್ನ ತಂಗಿ ಲಲಿತೆಯೂ ಹೋಗಿದ್ದೆವು. ಚಾವಡಿಯಲ್ಲಿ ಹೆಂಗಸರ ಸಾಲಿನಲ್ಲಿ ಮೀನು ಮಾರುವ ಮುದುಕಿಯೊಬ್ಬಳು ಕೂತಿದ್ದಳು. ಕೇರಿಗೆಲ್ಲ ಅವಳು ದೊಡ್ಡಮ್ಮ. ಎಲೆ ಅಡಿಕೆಯನ್ನು ದವಡೆಯ ಒಂದು ಬದಿಗೆ ತಳ್ಳಿ ಅವಳು ಹೇಳಿದಳು: “ಕೈ ಅಂದರೆ ಆಚಾರ್ರ ಕೈ ಮಾರಾಯ್ರೆ. ಬಾಯಿ ಮಾತ್ರ ಸಡಿಲ. ಕಿವಿ ನೋಡಿದವ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಬೇಕಿತ್ತು.”

ನಾಲ್ಕು ಜನ ತಲೆಯಾಡಿಸಿದರು. ಆ ಮಾತು ಸುಳ್ಳು ಎಂದು ಅಲ್ಲಿ ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅದು ಹೊರಟದ್ದು ನನ್ನ ಬಾಯಿಯಿಂದ. ಆದ್ದರಿಂದಲೇ ಬರೆಯಲು ಕೂತಿದ್ದೇನೆ. ಆದರೆ ಮೊದಲು ಅವನು ಎಂಥವನು ಎಂದು ಹೇಳದಿದ್ದರೆ, ನಾನೇನೋ ಹೂವಿನ ಹಾರ ಹಿಡಿದುಕೊಂಡು ಬಂದಿದ್ದೇನೆ ಎಂದು ಓದುವವರು ತಿಳಿದಾರು.

ನಾನು ಮೀನುಗಾರರ ಮನೆಯವ. ಅಪ್ಪ ಕಡಲಿಗೆ ಹೋಗುತ್ತಿದ್ದ, ಲಲಿತೆ ಕೂಸಾಗಿದ್ದಾಗಲೇ ತೀರಿಕೊಂಡ. ನನಗೆ ಕಡಲು ಹಿಡಿಸಲಿಲ್ಲ. ಹದಿನಾರನೆಯ ವಯಸ್ಸಿಗೆ ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ಮನೆ ಮನೆ ತಿರುಗಿದೆ. ಇಂಗ್ರೇಜಿ ಬಾರದೆ ಕ್ರಿಸ್ತಾನರ ಮನೆಯ ಬಾಯಮ್ಮಂದಿರ ಹತ್ತಿರ ಕೊಂಕಣಿಯಲ್ಲಿ ಚೌಕಾಸಿ ಮಾಡಿದೆ, ಬ್ಯಾರಿಗಳ ಮನೆಯ ಹಿಂಬಾಗಿಲಲ್ಲಿ ಅವರ ಭಾಷೆಯಲ್ಲಿ ಮಾಡಿದೆ. ಮೂವತ್ತು ತುಂಬುವುದರೊಳಗೆ ಸ್ವಂತ ಫ್ಯಾನ್ಸಿ ಅಂಗಡಿ ಇಟ್ಟೆ. ಬಳೆ, ಪಿನ್ನು, ರಿಬ್ಬನ್ನು, ಗಿಲೀಟಿನ ಒಡವೆ. ಗಿರಾಕಿ ಎಂತ ಕೇಳುತ್ತಾಳೋ ಅದು ಅಂಗಡಿಯಲ್ಲಿ ಇರಬೇಕು. ಇಲ್ಲದಿದ್ದರೆ ಇರುವುದನ್ನೇ ಅವಳು ಕೇಳುವ ಹಾಗೆ ಮಾಡಬೇಕು. ಹೊಸದಾಗಿ ಅಂಗಡಿ ಇಡುವವರು ಯಾರೇ ಬಂದು ಕೇಳಲಿ, ನಾನು ಮೊದಲು ಹೇಳುವುದು ಇದನ್ನೇ.

ಅವನು ಇದಕ್ಕೆ ಪೂರಾ ಉಲ್ಟಾ. ಬೆಳಿಗ್ಗೆ ನಾವೆಲ್ಲ ಬಾಗಿಲು ತೆಗೆಯುವ ಹೊತ್ತಿಗೆ ಅವನು ಕೈ ಹಿಂದೆ ಕಟ್ಟಿಕೊಂಡು ಬಂದರಿನ ಕಡೆ ಹೊರಡುತ್ತಿದ್ದ. ಕೊಳ್ಳಲಿಕ್ಕೂ ಅಲ್ಲ, ಮಾರಲಿಕ್ಕೂ ಅಲ್ಲ, ನೋಡಲಿಕ್ಕೆ. ದೋಣಿಯ ಹಗ್ಗದ ಗಂಟಿನ ಎದುರಿಗೆ ಅರ್ಧ ಗಂಟೆ ನಿಲ್ಲುವನು. ಬಂಗುಡೆಯ ಕಿವಿರು ಎತ್ತಿ ಒಳಗಿನ ಕೆಂಪು ಗೆರೆಗಳನ್ನು ನೋಡಿ, ಮೀನನ್ನು ಅಲ್ಲೇ ಇಟ್ಟು ಬರುವನು. ಮಾರುವವಳು ಬೈದರೆ ಕೇಳಿಸದು. ಹಿಂದಿರುಗುವಾಗ ಪಂಚೆಯ ತುದಿಯಲ್ಲಿ ಏಡಿಯ ಕೊಂಡಿಯೋ, ಒಡೆದ ಹಂಚಿನ ಚೂರೋ, ಯಾವುದೋ ಬೀಜದ ಸಿಪ್ಪೆಯೋ ಗಂಟು ಹಾಕಿರುತ್ತಿತ್ತು. ಅದನ್ನೆಲ್ಲ ಕೂರುವ ಮಣೆಯ ಪಕ್ಕ ಹಲಗೆಯ ಮೇಲೆ ಸಾಲಾಗಿ ಇಡುವನು. ಆ ಹಲಗೆಯಿಂದ ಸದಾ ಒಣಮೀನಿನ ವಾಸನೆ. ಮದುವೆಯ ಒಡವೆ ಮಾಡಿಸಲು ಬಂದವರು ಮೂಗು ಮುಚ್ಚಿಕೊಂಡು ಕೂರಬೇಕಿತ್ತು.

“ಇವತ್ತು ಕಣ್ಣಿಗೆ ಎಂತದೂ ಬೀಳ್ಲಿಲ್ಲ. ನಾಳೆ ಬನ್ನಿ” ಎನ್ನುವುದು ಅವನ ದಿನದ ಮಾತು. ಮದುವೆ ನಾಳಿದ್ದು ಎಂದರೂ ಅದೇ ಮಾತು. ಒಮ್ಮೆ ಒಬ್ಬ ಶಾಲೆಯ ಟೀಚರಮ್ಮ ಪತ್ರಿಕೆಯಿಂದ ಕತ್ತರಿಸಿದ ಚಿತ್ರ ತಂದು, “ಆಚಾರ್ರೇ, ಬೊಂಬಾಯಿಯಲ್ಲಿ ಅಕ್ಕ ಹಾಕಿಕೊಂಡದ್ದು ಇದೇ ತರ. ಹೀಗೇ ಬೇಕು” ಎಂದರು. ಅವನು ಆ ಕಾಗದವನ್ನು ಬೋರಲು ಮಾಡಿ ಅದರ ಮೇಲೆ ಅರಗಿನ ತಟ್ಟೆ ಇಟ್ಟ. “ನಿಮ್ಮ ಅಕ್ಕನ ಕಿವಿ ನಿಮ್ಮ ತಲೆಯಲ್ಲಿ ಉಂಟಾ?” ಅವರು ಕಣ್ಣಲ್ಲಿ ನೀರು ತಂದುಕೊಂಡು ಹೋದರು. ವಾರದ ಮೇಲೆ ಅವನೇ ಹೇಳಿ ಕಳುಹಿಸಿದ. ಮಾಡಿನ ಹಂಚಿನ ತುದಿಯಲ್ಲಿ ಮಳೆ ನಿಂತ ಮೇಲೆ ಒಂದು ಹನಿ ಬೀಳದೆ ಜೋತಾಡುತ್ತದಲ್ಲ, ಆ ಹನಿಯದ್ದೇ ಆಕಾರ, ಬೆಳ್ಳಿಯಲ್ಲಿ. ಅವರು ಬೇಡವೆನ್ನಲಿಲ್ಲ. ಪೂಜೆಗೆ ಇಗರ್ಜಿಗೆ ಹೋದಾಗ ಅವರ ಹಿಂದಿನ ಬೆಂಚಿನವರು ಪಾದ್ರಿಗಳನ್ನು ನೋಡಲಿಲ್ಲವಂತೆ.

ಅದನ್ನು ಕೇಳಿ ನಾನು ಅವನ ಮಣೆಯ ಮುಂದೆ ಹೋಗಿ ಕೂತೆ. “ಆಚಾರ್ರೇ, ಆ ಹನಿಯದ್ದು ಮೂರು ಡಜನ್ ಮಾಡಿಕೊಡಿ. ಎಲ್ಲ ಒಂದೇ ತರ.”

“ಮೂರು ಡಜನ್ ಹೆಂಗಸರನ್ನು ಒಂದೇ ತರ ಮಾಡಿಸಿ ತನ್ನಿ ಸಾಹುಕಾರ್ರೇ. ಮಾಡಿಕೊಡ್ತೇನೆ.”

ನನ್ನನ್ನು ಸಾಹುಕಾರ್ರೇ ಎನ್ನುವಾಗ ಅವನ ಮೂಗಿನ ಹೊಳ್ಳೆ ಸ್ವಲ್ಪ ಅರಳುತ್ತಿತ್ತು. ನಶ್ಯ ಹಾಕುವ ಮೂಗು.

ಒಂದೇ ತರದ್ದು ಎರಡು ಮಾಡದಿರುವುದಕ್ಕೆ ಅವನಲ್ಲಿ ಒಂದು ನೆವವೂ ಇತ್ತು. ಬೊಂಡಾಸು ಮೀನಿನ ಬೆನ್ನೊಳಗೆ ಬಿಳಿ ಚಿಪ್ಪು ಇರುತ್ತದೆ, ದಡಕ್ಕೆ ಬಂದು ಬೀಳುತ್ತದೆ. ಅವನು ಅದನ್ನು ಆರಿಸಿ ತಂದು, ಉಜ್ಜಿ ಸಮ ಮಾಡಿ, ಅದರಲ್ಲಿ ಆಕಾರ ಕೊರೆದು ಬೆಳ್ಳಿ ಹೊಯ್ಯುತ್ತಿದ್ದ. ಒಂದು ಸಲ ಹೊಯ್ದರೆ ಒಳಗೆಲ್ಲ ಸುಟ್ಟು ಕರಿಯಾಗಿ ಚಿಪ್ಪು ಉದುರಿ ಹೋಗುವುದು. ಇನ್ನೊಂದು ಬೇಕೆಂದರೆ ಇನ್ನೊಂದು ಚಿಪ್ಪು, ಇನ್ನೊಂದು ಕೊರೆತ. “ಗಟ್ಟಿ ಅಚ್ಚು ಮಾಡಿಸಿ ಮಾರಾಯ್ರೆ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರ್ತದೆ” ಎಂದು ನಾನು ಬುದ್ಧಿ ಹೇಳಿದ್ದೆ. ಅವನು ಊದುಗೊಳವೆ ಬಾಯಿಗಿಟ್ಟುಕೊಂಡ. ಅದನ್ನು ಬಾಯಿಗಿಟ್ಟರೆ ಮಾತು ಮುಗಿಯಿತು ಎಂದು ಅರ್ಥ.

ಕಿವಿ ನೋಡದೆ ಅವನು ಕೆಲಸ ಹಿಡಿಯುತ್ತಿರಲಿಲ್ಲ. ಒಬ್ಬಳದೇ ಆದರೂ ಎರಡು ಕಿವಿ ಒಂದೇ ತರ ಇರುವುದಿಲ್ಲ, ಆದ್ದರಿಂದ ಎಡದ ಓಲೆ ಬೇರೆ, ಬಲದ ಓಲೆ ಬೇರೆ ಎಂದು ಅವನ ವಾದ. ದಾರಿಯಲ್ಲಿ ಹೋಗುವವರ ಕಿವಿಯನ್ನೂ ಬಿಡುತ್ತಿರಲಿಲ್ಲ. ಆಗಿನ್ನೂ ಗಟ್ಟಿಮುಟ್ಟಾಗಿದ್ದ ಅದೇ ದೊಡ್ಡಮ್ಮ ಒಮ್ಮೆ ಮೀನು ಮಾರ್ಕೆಟಿನಲ್ಲಿ ಕತ್ತಿ ಎತ್ತಿದ್ದಳು. “ಎಂತ ನೋಡ್ತೀರಿ ಆಚಾರ್ರೇ? ಮೀನು ಕೆಳಗುಂಟು!”

“ಬಲದ ಕಿವಿ ಇಳಿದುಂಟು ನಿಂದು. ಬುಟ್ಟಿ ಆ ಬದಿಗೆ ಒರಗಿಸ್ಬೇಡ.”

ಮಾರ್ಕೆಟಿಗೆ ಮಾರ್ಕೆಟೇ ನಕ್ಕಿತು. ಅವಳು ಮಾತ್ರ ಕಿವಿ ಮುಟ್ಟಿ ನೋಡಿಕೊಂಡಳು.

ಇಂಥವನ ಹತ್ತಿರ ನಾನು ಯಾಕೆ ಹೋದೆ? ಲಲಿತೆಗಾಗಿ. ಅವಳ ಎಡಗಿವಿಯ ಹಾಲೆ ಹರಿದಿತ್ತು. ಐದು ವರ್ಷದ ಮಗು, ಕಡಲ ಬದಿಯಲ್ಲಿ ಬಲೆಯ ರಾಶಿಯ ಮೇಲೆ ಕೂತು ಆಡುತ್ತಿದ್ದಳು. ಓಲೆ ಬಲೆಯ ಕಣ್ಣಿಗೆ ಸಿಕ್ಕಿಕೊಂಡಿತ್ತು. ನೋಡದೆ ಬಲೆ ಎಳೆದವನು ನಾನು. ಹಾಲೆ ಎರಡು ಸೀಳಾಗಿ ಹಾಗೆಯೇ ಮಾಗಿತು. ಮತ್ತೆ ಚುಚ್ಚಲು ಅಲ್ಲಿ ಮಾಂಸವೇ ಉಳಿಯಲಿಲ್ಲ. ಅಂದಿನಿಂದ ಅಮ್ಮ ಅವಳ ತಲೆ ಬಾಚುವಾಗ ಎಡಬದಿಯ ಕೂದಲನ್ನು ಕಿವಿಯ ಮೇಲೆ ಇಳಿಸಿಯೇ ಬಾಚುತ್ತಿದ್ದಳು. ಮನೆಯ ಮೂವರ ಹೊರತು ಯಾರಿಗೂ ತಿಳಿಯದ ಹಾಗೆ ಹದಿನೈದು ವರ್ಷ ಕಳೆದೆವು. ಆಗ ತೊಕ್ಕೊಟ್ಟಿನ ಒಂದು ಒಳ್ಳೆಯ ಮನೆಯಿಂದ ಸಂಬಂಧ ಬಂತು. ಹುಡುಗ ಒಪ್ಪಿದ, ಅವನ ತಾಯಿಯೂ ಒಪ್ಪಿದಳು. ಅಂಗಹೀನ ಹೆಣ್ಣು ಎಂದು ಒಂದು ಮಾತು ಬಿದ್ದರೆ ಮದುವೆ ಮುರಿಯುತ್ತಿತ್ತು. ಕೂದಲು ಎತ್ತಿ ಕಟ್ಟಿ ಹೂ ಮುಡಿಸುವ ದಿನ ಕಿವಿಯನ್ನು ಮುಚ್ಚುವುದೆಲ್ಲಿ?

ಒಂದು ಮಧ್ಯಾಹ್ನ ಯಾರೂ ಇಲ್ಲದ ಹೊತ್ತು ನೋಡಿ ಅವಳನ್ನು ಅವನ ಬಳಿಗೆ ಕರೆದುಕೊಂಡು ಹೋದೆ. ಅವನು ಕೂದಲು ಸರಿಸಿ ನೋಡಿದ. ಯಾಕೆ ಹರಿಯಿತು, ಯಾವಾಗ ಹರಿಯಿತು ಒಂದೂ ಕೇಳಲಿಲ್ಲ. “ನೋಯ್ತದಾ ಮಗಾ?” ಎಂದು ಮಾತ್ರ ಕೇಳಿದ. “ಇಲ್ಲ” ಎಂದಳು.

“ಆಚಾರ್ರೇ, ವಿಷಯ ಇಲ್ಲಿಗೇ ನಿಲ್ಬೇಕು” ಎಂದೆ.

“ನಾನು ಕಿವಿಗೆ ಮಾಡುವವ ಸಾಹುಕಾರ್ರೇ. ಬಾಯಿಗೆ ಅಲ್ಲ.”

ಆಮೇಲೆ ಹತ್ತು ದಿನ ಅವನು ಉಳಿ ಮುಟ್ಟಲಿಲ್ಲ. ಮದುವೆಯ ದಿನ ಹತ್ತಿರ ಬರುತ್ತಿತ್ತು, ಅವನು ದಡದಲ್ಲಿ ಚಿಪ್ಪು ಆರಿಸುತ್ತಿದ್ದ. ಹನ್ನೊಂದನೆಯ ದಿನ ಹೋದರೆ ಹಲಗೆಯ ಮೇಲೆ ಒಂದು ಸಿಗಡಿ, ನಾವು ಎಟ್ಟಿ ಎನ್ನುವುದು. ಸತ್ತು ಒಣಗಿ ಕೊಕ್ಕೆಯ ಹಾಗೆ ಬಾಗಿತ್ತು. “ಇದು ಹಿಡಿದದ್ದನ್ನು ಬಿಡುವುದಿಲ್ಲ, ನೋಡಿ” ಎಂದು ಅದನ್ನು ತನ್ನ ಕಿವಿಯ ಅಂಚಿಗೆ ಸಿಕ್ಕಿಸಿ ತೋರಿಸಿದ. “ಮದುಮಗಳ ಕಿವಿಗೆ ಎಟ್ಟಿಯಾ ಮಾರಾಯ್ರೆ!” ಎಂದು ಕೂಗಿದೆ. ಅವನು ಊದುಗೊಳವೆ ಎತ್ತಿಕೊಂಡ.

ಓಲೆ ಕೈಗೆ ಬಂದಾಗ ಸಿಗಡಿ ಎಲ್ಲೂ ಕಾಣಲಿಲ್ಲ. ಎದುರಿನಿಂದ ಎರಡೂ ಒಂದೇ ತರದ ಮಾವಿನ ಮಿಡಿ. ಬಲದ್ದಕ್ಕೆ ಸಾದಾ ತಿರುಪು. ಎಡದ್ದಕ್ಕೆ ಹಿಂಬದಿಯಲ್ಲಿ ಒಂದು ಬಾಗಿದ ಕೊಕ್ಕೆ, ಅದು ಕಿವಿಯ ಹಿಂದಿನಿಂದ ಹತ್ತಿ ಅಂಚನ್ನು ಹಿಡಿದುಕೊಳ್ಳುವುದು. ಸೀಳು ಮಿಡಿಯ ಹಿಂದೆ ಮುಚ್ಚಿ ಹೋಗುವುದು. ತೂತು ಬೇಡ, ಭಾರವೂ ಇಲ್ಲ. ಮದುವೆಯ ದಿನ ಲಲಿತೆ ಹದಿನೈದು ವರ್ಷದಲ್ಲಿ ಮೊದಲ ಸಲ ಕೂದಲು ಎತ್ತಿ ಕಟ್ಟಿ ಜನರ ಎದುರು ನಿಂತಳು. ಅವಳ ಅತ್ತೆ ಓಲೆಯನ್ನು ಹೊಗಳಿದಳು. ನಾನು ಹಂದರದ ಕಂಬಕ್ಕೆ ಒರಗಿ ಉಸಿರು ಬಿಟ್ಟೆ. ಆದರೆ ಎಷ್ಟು ಹೆಂಗಸರು ಆ ಓಲೆಯನ್ನು ತಿರುಗಿ ನೋಡಿದರು ಎಂಬುದನ್ನೂ ನನ್ನ ಕಣ್ಣು ಹಿಡಿಯಿತು.

ಹೊಸ ಮದುಮಗಳು ಮಳೆಗಾಲದ ಆಟಿ ತಿಂಗಳಲ್ಲಿ ತವರಿಗೆ ಬಂದು ಕೂರುವುದು ನಮ್ಮ ಪದ್ಧತಿ. ಲಲಿತೆ ಬಂದಳು. “ಎರಡು ದಿನ ಓಲೆ ಕೊಡು, ಪಾಲಿಶ್ ಮಾಡಿಸಿ ತರ್ತೇನೆ” ಎಂದೆ.

“ಆಚಾರ್ರ ಹತ್ರವೇ ಮಾಡಿಸಣ್ಣ.”

“ಮತ್ತೆ ಯಾರ ಹತ್ರ?”

ಉಕ್ಕಿನ ಅಚ್ಚು ಕೊರೆಯುವವನ ಹತ್ತಿರ ತೆಗೆದುಕೊಂಡು ಹೋದೆ. ಅವನು ಒಂದೇ ಸಾಕು ಎಂದ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಕೆಲಸ ಹಿಡಿದಿದೆಯೋ ಅದೇ ಬೆಲೆಯುಳ್ಳದ್ದು ಎಂದು ನನ್ನ ವ್ಯಾಪಾರದ ಬುದ್ಧಿ ಹೇಳಿತು. ಎಡದ್ದನ್ನು ಕೊಟ್ಟೆ. ಆ ಕೊಕ್ಕೆ ಯಾಕಿದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಆ ಹೊತ್ತಿಗೆ ನನಗೆ ಅದು ತಂಗಿಯ ಕಿವಿಯಾಗಿ ಕಾಣಲಿಲ್ಲ, ಮಾಲಾಗಿ ಕಂಡಿತು. ‘ತೂತಿಗೆ ಭಾರ ಬೀಳದ ಓಲೆ’ ಎಂದು ಬೋರ್ಡು ಬರೆಸಿದೆ. ಹಿತ್ತಾಳೆಗೆ ಗಿಲೀಟು, ಹಿಂದೆ ಕೊಕ್ಕೆ. ಚೌತಿಯ ಹೊತ್ತಿಗೆ ಕುದ್ರೋಳಿಯಿಂದ ವಾಮಂಜೂರಿನವರೆಗೆ ಹೆಂಗಸರು ಹಾಕಿಕೊಂಡರು.

ದಸರೆ ಕಳೆದು ಸ್ವಲ್ಪ ದಿನಕ್ಕೆ ಲಲಿತೆ ಒಂದು ಟ್ರಂಕಿನ ಜೊತೆ ಹೊಳೆ ದಾಟಿ ಮನೆಗೆ ಬಂದಳು. ಗಂಡ ಜೊತೆಗಿರಲಿಲ್ಲ. “ಅತ್ತೆಗೆ ಗೊತ್ತಾಯ್ತು” ಎಂದಳು, ಅಷ್ಟೇ. ಮುಚ್ಚಿಟ್ಟು ಕೊಟ್ಟರು ಎಂದು ಕಳುಹಿಸಿಬಿಟ್ಟಿದ್ದರು. ಅಮ್ಮ ಗೋಡೆಗೆ ಒರಗಿ ಕೂತಳು. ನಾನು ಲೆಕ್ಕ ಹಾಕಿದೆ: ಗೊತ್ತಿದ್ದದ್ದು ನಾಲ್ವರಿಗೆ. ಅಮ್ಮ ಹೇಳಲಾರಳು, ಲಲಿತೆ ಹೇಳಲಾರಳು, ನಾನು ಹೇಳಿಲ್ಲ. ಅದಕ್ಕೆ ಸರಿಯಾಗಿ ಹಿಂದಿನ ವಾರ ಆಚಾರಿ ತೊಕ್ಕೊಟ್ಟಿನ ಸಂತೆಯಲ್ಲಿ ತಿರುಗಾಡಿದ್ದನ್ನು ಯಾರೋ ಕಂಡಿದ್ದರು. ಚಪ್ಪಲಿ ಮೆಟ್ಟಿ ಹೊರಟೆ.

ಹಾಡಹಗಲು. ಅವನ ಮುಂದೆ ನಾಲ್ಕು ಹೆಂಗಸರು ಕಾದು ಕೂತಿದ್ದರು, ಅವರಲ್ಲಿ ದೊಡ್ಡಮ್ಮನೂ ಇದ್ದಳು. ಕೋಪದಲ್ಲೂ ನಾನು ತಂಗಿಯ ಹೆಸರು ಎತ್ತಲಿಲ್ಲ. ಅಷ್ಟು ಎಚ್ಚರ ಇತ್ತು.

“ನಂಬಿ ತೋರಿಸಿದ್ದಕ್ಕೆ ಊರು ದಾಟಿ ಹೋಗಿ ಸಾರಿ ಬಂದಿರಲ್ಲ ಆಚಾರ್ರೇ? ನಾಲಗೆ ಅಷ್ಟು ತುರಿಸ್ತದಾ?”

ಅವನು ತಲೆ ಎತ್ತಿದ. “ಕೂತುಕೊಳ್ಳಿ.”

“ಕೂರ್ಲಿಕ್ಕೆ ಬಂದದ್ದಲ್ಲ. ಇವರಿಗೆ ಹೇಳಿ ಹೋಗ್ಲಿಕ್ಕೆ ಬಂದದ್ದು. ಕೇಳಿ ಅಕ್ಕಂದಿರೇ, ಇಲ್ಲಿ ಕಿವಿ ತೋರಿಸಿದರೆ ಅದು ಹೊಳೆಯಾಚೆಗೂ ಮುಟ್ತದೆ!”

ಅವನು ಹೆಂಗಸರನ್ನು ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ. ಆಮೇಲೆ ಮಣೆಯ ಬದಿಯಲ್ಲಿದ್ದ ನಶ್ಯದ ಡಬ್ಬಿಯನ್ನು ಎರಡು ಬೆರಳಿನಿಂದ ನನ್ನ ಕಡೆಗೆ ಸರಿಸಿದ. “ಇದನ್ನೊಮ್ಮೆ ನೋಡಿ.”

ಇಂಥ ಹೊತ್ತಿನಲ್ಲಿ ನಶ್ಯ ಕೊಡುವ ಸೊಕ್ಕು! ಕಾಲಿನಿಂದ ಒದ್ದೆ. ಡಬ್ಬಿ ಉರುಳಿ, ಒಳಗಿದ್ದ ತಂತಿಯ ತುಂಡುಗಳು ನೆಲದ ತುಂಬ ಚೆಲ್ಲಿದವು. ಅವನು ಮೊಣಕಾಲೂರಿ ಒಂದೊಂದನ್ನೇ ಹೆಕ್ಕಲು ತೊಡಗಿದ.  ಹೆಂಗಸರು ಎದ್ದರು. ಏಳುವಾಗ ನಾಲ್ವರೂ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡರು. ನನಗೆ ಆಗ ಅದು ಗೆಲುವಾಗಿ ಕಂಡಿತ್ತು.

ಮನೆಗೆ ಬಂದು ‘ಬೈದು ಬಂದೆ’ ಎಂದಾಗ ಲಲಿತೆ, “ಯಾರನ್ನು ಬೈದು ಬಂದಿ?” ಎಂದು ಕೇಳಿ, ಉತ್ತರ ಕೇಳಿ ಒಳಗೆ ಹೋದಳು.

ಒಂದು ವರ್ಷಕ್ಕೆ ಅವಳ ಗಂಡ ಬಂದ. “ನಾನು ಕಿವಿಯನ್ನಾ ಮದುವೆ ಆದದ್ದು ಭಾವ?” ಎಂದು ಹೇಳಿ ಕರೆದುಕೊಂಡು ಹೋದ. ತಮ್ಮ ಮನೆಯ ಮಾನಕ್ಕಾಗಿ ಅತ್ತೆಯೂ ವಿಷಯವನ್ನು ಹೊರಗೆ ಬಿಡಲಿಲ್ಲ. ನಮ್ಮ ಬದುಕು ಸರಿಯಾಯಿತು. ಅವನದ್ದು ಆಗಲಿಲ್ಲ. ಕಿವಿ ನೋಡದೆ ಮಾಡುವವನಲ್ಲ ಅವನು. ಕಿವಿ ತೋರಿಸುವವರು ಬರಲಿಲ್ಲ. ತಿರುಪು ಬಿಗಿ ಮಾಡುವುದು, ಸರದ ಕೊಂಡಿಗೆ ಬೆಸುಗೆ, ಇಷ್ಟೇ ಉಳಿಯಿತು. ಆಚಾರಿಗಳ ಕೈ ಕಟ್ಟಿದ ಸರಕಾರದ ಚಿನ್ನದ ಕಾನೂನು ಬಂದ ಮೇಲೆ ಅದೂ ಕಡಿಮೆಯಾಯಿತು. ಆದರೂ ಬೆಳಿಗ್ಗೆ ಬಂದರಿಗೆ ಹೋಗಿ ನಿಲ್ಲುವುದನ್ನು ಬಿಡಲಿಲ್ಲ. ಮಾಡಲು ಕೆಲಸವಿಲ್ಲದವನಿಗೆ ನೋಡುವುದೇಕೆ ಎಂದು ನಾನು ಅಂಗಡಿಯಲ್ಲಿ ಕೂತು ನಗುತ್ತಿದ್ದೆ.

ಮೂರು ವರ್ಷದ ಹಿಂದೆ ಅತ್ತೆ ತೀರಿಕೊಂಡ ಮೇಲೆ ಲಲಿತೆ ಬಾಯಿ ಬಿಟ್ಟಳು. ನೆರೆಮನೆಯವಳೊಬ್ಬಳು ನನ್ನ ಅಂಗಡಿಯ ಓಲೆ ತಂದು ಅತ್ತೆಯ ಕೈಗೆ ಕೊಟ್ಟಿದ್ದಳಂತೆ. “ನಿಮ್ಮ ಸೊಸೆಯ ಅಣ್ಣನ ಅಂಗಡಿಯದ್ದು. ಈ ಕೊಕ್ಕೆ ಎಂತಕ್ಕೆ ಅಕ್ಕಾ? ಕಿವಿಗೆ ಚುಚ್ತದೆ.” ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆ ಮಿಡಿಯನ್ನು ಅವಳು ದಿನಾ ಸೊಸೆಯ ಕಿವಿಯಲ್ಲಿ ಕಾಣುತ್ತಿದ್ದಳು. ಸೊಸೆಯನ್ನು ಕರೆದು ಬಲದ ಓಲೆ ನೋಡಿದಳು, ಅದಕ್ಕೆ ಕೊಕ್ಕೆ ಇರಲಿಲ್ಲ. ಎಡದ್ದನ್ನು ತೆಗೆ ಎಂದಳು.

“ಅಂದೇ ಯಾಕೆ ಹೇಳ್ಲಿಲ್ಲ?” ಎಂದೆ.

“ನೀನು ಬೈದು ಬಂದಾಗಿತ್ತಣ್ಣ. ನಾನು ನಿನ್ನ ಮನೆಯಲ್ಲಿ ಉಣ್ತಾ ಇದ್ದೆ.”

ಮರುದಿನ ಅವನಲ್ಲಿಗೆ ಹೋದೆ. ಮುದುಕನಾಗಿದ್ದ. “ಆ ದಿನ...” ಎಂದು ಶುರು ಮಾಡಿದೆ. ಅವನು ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ಅದೇ ತಂತಿಯ ತುಂಡುಗಳು. ಈಗ ನೋಡಿದೆ: ಎಲ್ಲವೂ ಬಾಗಿದವು, ಎಲ್ಲವೂ ಒಂದೇ ತರ. ನನ್ನ ಓಲೆ ಚುಚ್ಚುತ್ತದೆ ಎಂದು ಹೆಂಗಸರು ಅವನ ಹತ್ತಿರ ತಂದು ಕತ್ತರಿಸಿ ತೆಗೆಸಿದ ಕೊಕ್ಕೆಗಳು.

“ತಾಮ್ರದ ತಂತಿ ಹಾಕ್ಬೇಕಿತ್ತು ಸಾಹುಕಾರ್ರೇ” ಎಂದ. “ಹಿತ್ತಾಳೆ ಚುಚ್ತದೆ.”

“ಅವತ್ತು ಬಾಯಿ ಬಿಟ್ಟು ಹೇಳ್ಬಹುದಿತ್ತಲ್ಲ ಮಾರಾಯ್ರೆ!”

“ನಾಲ್ಕು ಹೆಂಗಸರ ಎದುರಿಗಾ? ಕೊಕ್ಕೆಯ ಕಥೆ ಹೇಳಿದರೆ ಮಗುವಿನ ಕಿವಿಯ ಕಥೆಯೂ ಹೇಳ್ಬೇಕು.” ಮುಚ್ಚಳ ಹಾಕಿದ. ಊದುಗೊಳವೆ ಬಾಯಿಗಿಟ್ಟ.

ತಪ್ಪಾಯಿತು ಎನ್ನಲು ಹೋದವನು ಅನ್ನದೆ ಬಂದೆ. ನನಗೆ ಇಂಥವರನ್ನು ಕಂಡರೆ ಆಗದು. ಬೈದರೆ ತಿರುಗಿ ಬೈಯಬೇಕು, ಏನಾದರೂ ಕೇಳಬೇಕು, ಕೊಡುವುದೋ ಬಿಡುವುದೋ ಅಲ್ಲಿಗೆ ಮುಗಿಯಬೇಕು. ಅವನು ಚೌಕಾಸಿಗೆ ಜಾಗವನ್ನೇ ಬಿಡಲಿಲ್ಲ. ಆ ಸಿಟ್ಟು ನನಗೆ ಈಗಲೂ ಇದೆ. ಸುಳ್ಳು ಆಪಾದನೆ ಬಂದರೆ ಬಾಯಿ ಬಿಟ್ಟು ಮಾತಾಡಿ, ಡಬ್ಬಿ ಸರಿಸಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಹಾಗೆ ಹೇಳುವ ನಾನು ಸಾವಿನ ಮನೆಯಲ್ಲಿ ಎಂತ ಮಾಡಿದೆ? ದೊಡ್ಡಮ್ಮ ‘ಬಾಯಿ ಸಡಿಲ’ ಎಂದಾಗ ಕೊಡೆಯ ಹಿಡಿ ನೋಡುತ್ತಾ ನಿಂತೆ. ಎದ್ದು ಬಂದವಳು ಲಲಿತೆ. ಎಡಗಿವಿಯ ಓಲೆ ತೆಗೆದು ಮುದುಕಿಯ ಅಂಗೈಯಲ್ಲಿ ಇಟ್ಟಳು. ಕೂದಲು ಹಿಂದಕ್ಕೆ ಸರಿಸಿದಳು.

“ನೋಡಿ ದೊಡ್ಡಮ್ಮ. ನನ್ನ ಕಿವಿ ಹೀಗುಂಟು ಅಂತ ನಿಮಗೆ ಗೊತ್ತಿತ್ತಾ?”

“ಇಲ್ಲವಲ್ಲ ಮಗಾ!”

“ಆಚಾರ್ರಿಗೆ ಹನ್ನೆರಡು ವರ್ಷದಿಂದ ಗೊತ್ತಿತ್ತು. ಬಾಯಿ ಸಡಿಲ ಇದ್ದಿದ್ದರೆ ನಿಮಗೂ ಗೊತ್ತಿರ್ತಿತ್ತು.”

 ದೊಡ್ಡಮ್ಮ ಓಲೆಯನ್ನು ನೋಡಿದಳು, ಆ ಕಿವಿಯನ್ನು ನೋಡಿದಳು, ಕಡೆಗೆ ನನ್ನನ್ನು ನೋಡಿದಳು. ಅವತ್ತು ಆಚಾರಿಯ ಮಣೆಯ ಎದುರು ಕೂಗಾಡಿದ್ದು ಯಾರೆಂದು ಅವಳು ಮರೆತಿರಲಿಲ್ಲ.

“ಹಾಕಿಕೊಡಣ್ಣ” ಎಂದು ಲಲಿತೆ ಮುದುಕಿಯ ಅಂಗೈಯಿಂದ ಓಲೆಯನ್ನು ಎತ್ತಿ ನನ್ನ ಕೈಗಿತ್ತು ಕಿವಿ ಒಡ್ಡಿದಳು. ಮೇಲಿನಿಂದ ಸಿಕ್ಕಿಸಿ ನೋಡಿದೆ, ಕೆಳಗಿನಿಂದ ನೋಡಿದೆ, ಜಾರಿತು. ಆ ಕೊಕ್ಕೆಯನ್ನು ಎಷ್ಟೋ ಡಜನ್ ಮಾಡಿಸಿ ಮಾರಿದವನು ನಾನು. ಅದು ಕಿವಿಗೆ ಯಾವ ಬದಿಯಿಂದ ಹತ್ತುತ್ತದೆ ಎಂದು ನನಗೆ ತಿಳಿಯಲಿಲ್ಲ. ಕೊನೆಗೆ ದೊಡ್ಡಮ್ಮ ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿ, ಮೀನಿನ ಮುಳ್ಳು ಬಿಡಿಸುವ ತನ್ನ ಒರಟು ಬೆರಳುಗಳಲ್ಲಿ, ಒಂದೇ ಸಲಕ್ಕೆ ಹಾಕಿದಳು.